ತೂಕ ಇಳಿಸುವ ಆಪರೇಷನ್‌ಗೆ ಇನ್ನು ಮೂರು ವಾರ, ಮನೆಯಲ್ಲಿ ದಿನಾ ಮುದ್ದೆ. ಹೇಗೆ ತಯಾರಾಗಲಿ?

ಮಂಡ್ಯ ಮಿಸ್

ಎಲ್ಲರಿಗೂ ನಮಸ್ಕಾರ. ತಿಂಗಳುಗಟ್ಟಲೆ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 42 ವರ್ಷ, ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಎತ್ತರ ಐದು ಅಡಿ ಎರಡು ಇಂಚು, ತೂಕ 116 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 46 ದಾಟಿದೆ. ಶುಗರ್ ಬಂದು ಏಳು ವರ್ಷ ಆಯಿತು, ಬಿಪಿ ಇದೆ, ಮಂಡಿ ನೋವಿನ ಕಥೆ ಕೇಳಲೇಬೇಡಿ. ಗೊರಕೆ ಎಷ್ಟು ಅಂದರೆ ನಮ್ಮ ಮನೆಯವರು ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳಲು ಶುರು ಮಾಡಿ ಎರಡು ವರ್ಷ. ಮೈಸೂರಿಗೆ ಹೋಗಿ ನಿದ್ದೆ ಟೆಸ್ಟ್ ಮಾಡಿಸಿದಾಗ ರಾತ್ರಿಯೆಲ್ಲ ಉಸಿರು ನಿಂತು ನಿಂತು ಬರುತ್ತಿದೆ ಅಂತ ಗೊತ್ತಾಯಿತು.

ಏನೂ ಪ್ರಯತ್ನ ಮಾಡದೆ ಆಪರೇಷನ್‌ಗೆ ಓಡಿದಳು ಅಂತ ಮಾತ್ರ ಯಾರೂ ಹೇಳಬೇಡಿ. ಬೆಳಿಗ್ಗೆ ಐದಕ್ಕೆ ಎದ್ದು ನಾಲೆ ಏರಿ ಮೇಲೆ ನಡೆದಿದ್ದೇನೆ, ಜೀರಿಗೆ ನೀರು ಕುಡಿದಿದ್ದೇನೆ, ಪೌಡರ್ ಡಬ್ಬಿಗಳಿಗೆ ಸಂಬಳ ಸುರಿದಿದ್ದೇನೆ. ಒಂದು ಸಲ 11 ಕೆಜಿ ಇಳಿಸಿದೆ, ವರ್ಷದೊಳಗೆ 14 ಕೆಜಿ ವಾಪಸ್ ಬಂತು. ಈಗ ಡಾಕ್ಟರ್ ಸ್ಲೀವ್ ಮಾಡೋಣ ಅಂದಿದ್ದಾರೆ. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು ಬಾಳೆಹಣ್ಣಿನ ಥರ ಒಂದು ಕೊಳವೆ ಉಳಿಸುತ್ತಾರಂತೆ. ತೆಗೆದದ್ದನ್ನು ಮತ್ತೆ ಜೋಡಿಸೋಕೆ ಆಗುವುದಿಲ್ಲ. ಡೇಟ್ ಕೊಟ್ಟಾಗಿದೆ, ಇನ್ನು ಮೂರು ವಾರ.

ನನ್ನ ತಲೆನೋವು ಆಪರೇಷನ್ ಥಿಯೇಟರ್ ಅಲ್ಲ, ಅಡುಗೆಮನೆ. ಮನೆಯಲ್ಲಿ ಆರು ಜನ, ಮುದ್ದೆ ತಿರುವಿ ಕಟ್ಟುವವಳು ನಾನೇ. ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ಕುಡಿಯುವ ಆಹಾರ ಅಂತ ಚೀಟಿ ಕೊಟ್ಟಿದ್ದಾರೆ. ಬಸ್ಸಾರಿಗೆ ನಾನೇ ಒಗ್ಗರಣೆ ಹಾಕಿ, ಎಲ್ಲರಿಗೂ ಬಡಿಸಿ, ಆಮೇಲೆ ಮೂಲೆಯಲ್ಲಿ ಮಜ್ಜಿಗೆ ಹಿಡಿದು ಕೂರುವುದು ಹೇಗೆ? ನೀವೆಲ್ಲ ಹೇಗೆ ಮಾಡಿದಿರಿ? ಆಮೇಲೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂತಾರೆ, ನಮ್ಮದು ಸೋಮವಾರ ಶನಿವಾರ ಮೊಟ್ಟೆಯೂ ಮುಟ್ಟದ ಮನೆ. ಶಾಲೆಗೆ ಎಷ್ಟು ದಿನಕ್ಕೆ ಹೋಗಬಹುದು? ಆರು ಪೀರಿಯಡ್ ನಿಂತೇ ಪಾಠ ಮಾಡಬೇಕು.

ಇನ್ನೊಂದು. ಅತ್ತೆಗೆ ಪಿತ್ತಕೋಶದ ಕಲ್ಲು ತೆಗೆಸುವ ಆಪರೇಷನ್ ಅಂತ ಹೇಳಿದ್ದೇವೆ. ನಿಜ ಹೇಳಿದರೆ ಬಾಯಿ ಕಟ್ಟೋಕೆ ಆಗದೆ ಹೊಟ್ಟೆ ಕುಯ್ಸಿಕೊಂಡಳು ಅಂತ ಬೀದಿಗೆಲ್ಲ ಸುದ್ದಿ. ಎರಡು ತಿಂಗಳಿಗೆ ಮೈದುನನ ಮದುವೆ ಬೇರೆ ಇದೆ, ಮಂಡ್ಯದ ಬೀಗರ ಊಟ ಅಂದರೆ ಏನು ಅಂತ ಗೊತ್ತಲ್ವಾ.


ಸರಸ್ವತಿಪುರಂ ಸ್ಲೀವ್

ಮೇಡಂ, ನನ್ನದು ಸ್ಲೀವ್ ಆಗಿ ಎರಡು ವರ್ಷ ಎರಡು ತಿಂಗಳು. 138 ಇದ್ದೆ, ಈಗ 94. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಎರಡು ವಾರ ಯಾಕೆ ಅಂತ ಹೇಳುತ್ತೇನೆ, ಯಾಕೆ ಅಂತ ಗೊತ್ತಾದರೆ ತಡೆದುಕೊಳ್ಳುವುದು ಸುಲಭ. ನಾನೂ ಅದು ತೂಕ ಇಳಿಸುವ ಶಿಕ್ಷೆ ಅಂದುಕೊಂಡಿದ್ದೆ. ಅಲ್ಲ. ನಮ್ಮಂಥವರ ಲಿವರ್‌ನಲ್ಲಿ ಕೊಬ್ಬು ತುಂಬಿ ಊದಿಕೊಂಡಿರುತ್ತದೆ, ಅದರ ಎಡಭಾಗ ಜಠರದ ಮೇಲೇ ಬಿದ್ದಿರುತ್ತದೆ. ತೂತು ಮಾಡಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್ ಅಲ್ವಾ, ಮೊದಲು ಆ ಲಿವರ್ ಎತ್ತಿ ಹಿಡಿದರೆ ಮಾತ್ರ ಕೆಳಗೆ ಜಠರ ಕಾಣುವುದು. ಊದಿದ ಲಿವರ್ ಭಾರ, ಮುಟ್ಟಿದರೆ ರಕ್ತ ಬರುವಷ್ಟು ಮೆದು. ಎರಡು ವಾರ ಹಿಟ್ಟು, ಅನ್ನ, ಸಕ್ಕರೆ ನಿಲ್ಲಿಸಿದರೆ ಅದು ಕುಗ್ಗುತ್ತದೆ. ನಡುವೆ ಒಂದು ದಿನ ಬಿರಿಯಾನಿ ತಿಂದು ಯಾರಿಗೂ ಗೊತ್ತಾಗಲ್ಲ ಅಂದುಕೊಂಡರೆ ಸರ್ಜನ್‌ಗೆ ಒಳಗೆ ಹೋದ ತಕ್ಷಣ ಗೊತ್ತಾಗುತ್ತದೆ!

ಮೊದಲ ಮೂರು ದಿನ ನರಕ. ತಲೆನೋವು, ಸಿಟ್ಟು, ಮಕ್ಕಳ ಮೇಲೆ ಕೂಗಾಟ. ನಾಲ್ಕನೇ ದಿನ ಬೆಳಿಗ್ಗೆ ಎದ್ದಾಗ ಹಸಿವೇ ಇರಲಿಲ್ಲ, ಆಮೇಲೆ ಎಳೆದುಕೊಂಡು ಹೋಯಿತು. ಕೆನೆ ತೆಗೆದ ಹಾಲಿಗೆ ಪ್ರೋಟೀನ್ ಪೌಡರ್, ತೆಳ್ಳನೆ ಮಜ್ಜಿಗೆ, ಹೆಸರುಬೇಳೆ ಕಟ್ಟು, ಸೋರೆಕಾಯಿ ಸೂಪ್. ಅಷ್ಟೇ. ಒಂದು ಮಾತು ಮರೆಯಬೇಡಿ, ನಿಮಗೆ ಶುಗರ್ ಮಾತ್ರೆ ಇದೆ. ಊಟ ಇಷ್ಟು ಕಮ್ಮಿ ಮಾಡಿ ಮಾತ್ರೆ ಹಳೇ ಲೆಕ್ಕದಲ್ಲೇ ನುಂಗಿದರೆ ಶುಗರ್ ಇಳಿದು ಬಿದ್ದುಬಿಡುತ್ತೀರಿ. ಡಯಟ್ ಶುರು ಮಾಡುವ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ ಯಾವ ಮಾತ್ರೆ ಎಷ್ಟು ಅಂತ ಬರೆಸಿಕೊಳ್ಳಿ.

ಮುದ್ದೆ ಕೋಲು ಆ ಎರಡು ವಾರ ಬೇರೆಯವರ ಕೈಗೆ ಕೊಡಿ. ಇದು ಸಲಹೆ ಅಲ್ಲ, ಹಟ ಮಾಡಿ. ನನ್ನ ಹೆಂಡತಿ ಆ ದಿನಗಳಲ್ಲಿ ಒಗ್ಗರಣೆಯನ್ನೆಲ್ಲ ನಾನು ಕುಕ್ಕರಹಳ್ಳಿ ಕೆರೆ ಸುತ್ತಲು ಹೋದಾಗ ಮುಗಿಸಿಬಿಡುತ್ತಿದ್ದಳು. ಗಂಡಸರಿಗೆ ಈ ಸುಖ ಸಿಗುತ್ತದೆ, ಹೆಂಗಸರಿಗೆ ಸಿಗುವುದಿಲ್ಲ, ಗೊತ್ತು. ಅದಕ್ಕೇ ಹಟ ಮಾಡಿ ಅಂದಿದ್ದು.

ಆಪರೇಷನ್ ದಿನದ ಬಗ್ಗೆ ಹೆದರಿಕೆ ಬೇಡ. ಎಚ್ಚರ ಆದಾಗ ಹೊಟ್ಟೆಗಿಂತ ಬಲಗಡೆ ಭುಜ ಜಾಸ್ತಿ ನೋಯುತ್ತಿತ್ತು. ಹೊಟ್ಟೆ ಉಬ್ಬಿಸೋಕೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬುತ್ತಾರೆ, ಉಳಿದ ಗ್ಯಾಸ್ ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ. ಅದಕ್ಕೆ ಔಷಧಿ ನಡಿಗೆ. ಅದೇ ಸಂಜೆ ಸಿಸ್ಟರ್ ಎಬ್ಬಿಸಿ ವಾರ್ಡ್‌ನಲ್ಲಿ ನಡೆಸಿದರು. ಮೂರು ಚೆಂಡಿನ ಆ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರಲ್ಲ, ಉಸಿರು ಎಳೆದು ಚೆಂಡು ಮೇಲೇರಿಸುವುದು, ಅದನ್ನು ಈಗಲೇ ತಂದು ಅಭ್ಯಾಸ ಮಾಡಿ.

ಆಮೇಲೆ ನನಗೆ ಕಷ್ಟ ಆದದ್ದು ಊಟ ಅಲ್ಲ, ನೀರು. ನಾವು ಚಿಕ್ಕಂದಿನಿಂದ ಲೋಟ ಎತ್ತಿ ಕುಡಿದು ಬೆಳೆದವರು, ಎಂಜಲು ಮಾಡಬಾರದು ಅಂತ. ಮನೆಗೆ ಬಂದ ಮೊದಲ ದಿನ ಮರೆತು ಹಾಗೇ ಎತ್ತಿ ಎರಡು ಗುಟುಕು ಗಟಗಟ ಅಂತ ಇಳಿಸಿದೆ. ಎದೆ ನಡುವೆ ಕಲ್ಲು ಸಿಕ್ಕಿಸಿದ ಹಾಗಾಯಿತು, ಗೋಡೆ ಹಿಡಿದುಕೊಂಡು ನಿಂತೆ, ನೀರಿನ ಜೊತೆ ಗಾಳಿಯೂ ಹೋಗಿತ್ತು. ಅವತ್ತಿಂದ ಔಷಧಿ ಅಳೆಯುವ ಸಣ್ಣ ಕಪ್ ಇದೆಯಲ್ಲ, 30 ಎಂಎಲ್‌ದು, ಅದರಲ್ಲಿ ತುಟಿ ಇಟ್ಟು ಚಪ್ಪರಿಸುವುದು. ಹತ್ತು ಹದಿನೈದು ನಿಮಿಷಕ್ಕೆ ಒಂದು ಕಪ್. ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸೋಕೆ ಬೆಳಿಗ್ಗೆಯಿಂದ ರಾತ್ರಿವರೆಗೂ ಇದೇ ಕೆಲಸ. ನೀವು ಇವತ್ತಿಂದಲೇ ಎತ್ತಿ ಕುಡಿಯುವುದು ಬಿಡಿ.


ಹಳೇ ಕಬ್ಬು

ಮೇಡಂ ಒಂದು ಮಾತು ಕೇಳುತ್ತೇನೆ ತಪ್ಪು ತಿಳಿಯಬೇಡಿ. ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಮೌಂಜಾರೊ ಅಂತ, ವೆಗೋವಿ ಅಂತ. ಕುಯ್ಸಿಕೊಳ್ಳುವುದು ಯಾಕೆ? ನಮ್ಮ ಪಕ್ಕದ ಮನೆಯವರು ಅದರಲ್ಲೇ 12 ಕೆಜಿ ಇಳಿದರು.


ಕುವೆಂಪುನಗರ ಬೈಪಾಸ್ ಅಕ್ಕ

ಹಳೇ ಕಬ್ಬು ಅವರೇ, ಅದು ಕೆಟ್ಟ ಪ್ರಶ್ನೆ ಏನಲ್ಲ. ಮೌಂಜಾರೊ ನಮ್ಮ ದೇಶಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ. ಕೆಲಸ ಮಾಡುತ್ತವೆ, ಸುಳ್ಳಲ್ಲ. ಆದರೆ ನಿಲ್ಲಿಸಿದರೆ ಹೋದ ತೂಕ ಸುಮಾರು ಜನಕ್ಕೆ ವಾಪಸ್ ಬರುತ್ತದೆ, ಅಂದರೆ ವರ್ಷಗಟ್ಟಲೆ ದುಡ್ಡು ಕಟ್ಟುತ್ತಲೇ ಇರಬೇಕು. ಬಿಎಂಐ 46, ಜೊತೆಗೆ ಶುಗರ್, ಜೊತೆಗೆ ಉಸಿರು ನಿಲ್ಲುವುದು ಅಂದರೆ ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಈಗ ಮಂಡ್ಯ ಮಿಸ್ ಕಡೆಗೆ ಬರುತ್ತೇನೆ.

ತಂಗಿ, ನನ್ನದು ಸ್ಲೀವ್ ಅಲ್ಲ, ಬೈಪಾಸ್. ಹೃದಯದ್ದಲ್ಲ, ಜಠರವನ್ನು ಸಣ್ಣ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವುದು. ಐದು ವರ್ಷ ಆಯಿತು. ನನಗೂ ಮೊದಲು ಸ್ಲೀವ್ ಅಂತಲೇ ಹೇಳಿದ್ದರು. ಎಂಡೋಸ್ಕೋಪಿಯಲ್ಲಿ ಅನ್ನನಾಳ ಹುಣ್ಣಾಗಿರುವುದು ಕಂಡಿತು, ಮಲಗಿದರೆ ಹುಳಿ ಗಂಟಲಿಗೆ ಬರುತ್ತಿತ್ತು. ಸ್ಲೀವ್ ಆದ ಮೇಲೆ ಈ ಹುಳಿ ಕೆಲವರಿಗೆ ಜಾಸ್ತಿ ಆಗುತ್ತದೆ, ಅದಕ್ಕೆ ಬೈಪಾಸ್‌ಗೆ ಬದಲಾಯಿಸಿದರು. ನಿಮಗೆ ಎದೆ ಉರಿ ಇದೆಯಾ? ಎಂಡೋಸ್ಕೋಪಿ ಆಗಿದೆಯಾ? ಬರೆದಿಲ್ಲ. ಆಗಿಲ್ಲದಿದ್ದರೆ ನಾಳೆಯೇ ಕೇಳಿ, ಸಂಕೋಚ ಬೇಡ.

ಇನ್ನು ಮುದ್ದೆ. ಇದನ್ನು ಯಾವ ಡಯಟಿಷಿಯನ್ ಚೀಟಿಯಲ್ಲೂ ಬರೆದುಕೊಡುವುದಿಲ್ಲ, ನಾನು ಹೇಳುತ್ತೇನೆ. ನಾವು ಮುದ್ದೆಯನ್ನು ನುಂಗುವ ಜನ. ಬೆಂಗಳೂರಿಂದ ಬಂದ ನೆಂಟರು ಅಗಿದರೆ ಮಕ್ಕಳೂ ಬಾಯಿ ಮುಚ್ಚಿಕೊಂಡು ನಗುತ್ತವೆ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ. ನಲವತ್ತು ವರ್ಷ ಗಂಟಲಿಗೆ ಅದೇ ಪಾಠ ಆಗಿದೆ. ಆಪರೇಷನ್ ಆದ ಮೇಲೆ ಡಾಕ್ಟರ್ ಪ್ರತಿ ತುತ್ತೂ ನೀರಾಗುವ ತನಕ ಅಗಿಯಿರಿ ಅಂತಾರೆ, ತಲೆ ಆಡಿಸುತ್ತೇವೆ, ಆದರೆ ಮುದ್ದೆ ಬಾಯಿಗೆ ಬಂದ ಕೂಡಲೇ ನಾಲಿಗೆ ತಾನಾಗೇ ಒಳಗೆ ತಳ್ಳುತ್ತದೆ! ನನಗೆ ಎರಡನೇ ತಿಂಗಳಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ತುಂಡು ಹೀಗೇ ಸಿಕ್ಕಿಹಾಕಿಕೊಂಡಿತು. ಮುಕ್ಕಾಲು ಗಂಟೆ ಬಚ್ಚಲಲ್ಲಿ ಕೂತು ಜೊಲ್ಲು ಉಗುಳಿದ್ದೇನೆ. ಮುದ್ದೆ ಒಂದು ನಾಲ್ಕೈದು ತಿಂಗಳು ಮರೆತುಬಿಡಿ. ರಾಗಿ ಬೇಕೇ ಬೇಕು ಅನಿಸಿದರೆ ಡಾಕ್ಟರ್ ಒಪ್ಪಿದ ಮೇಲೆ ತೆಳ್ಳನೆ ಅಂಬಲಿ, ಅದೂ ಪ್ರೋಟೀನ್ ಲೆಕ್ಕ ಮುಗಿದ ಮೇಲೆ ಜಾಗ ಇದ್ದರೆ. ರಾಗಿ ಗಟ್ಟಿ ಆಹಾರ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಏಳು ಗ್ರಾಂ ಅಷ್ಟೇ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ.

ಸೋಮವಾರ ಶನಿವಾರದ ಚಿಂತೆ ಬೇಡ. ಗಟ್ಟಿ ಮೊಸರು, ಪನ್ನೀರ್ ಪುಡಿ ಮಾಡಿ ಬೆಂದ ಬೇಳೆಗೆ ಕಲಸಿದ್ದು, ಹೆಸರುಕಾಳು ನುಣ್ಣಗೆ ರುಬ್ಬಿ ಬೇಯಿಸಿದ್ದು, ಹಿತಕಿದ ಅವರೆಬೇಳೆ ಮೆತ್ತಗೆ ಬೇಯಿಸಿ ಹಿಚುಕಿದ್ದು, ಇದೆಲ್ಲ ಹಂತ ಹಂತವಾಗಿ ಬರುತ್ತದೆ. ಮೊದಲ ಎರಡು ವಾರ ಕುಡಿಯುವುದು ಮಾತ್ರ. ಆಮೇಲೆ ಎರಡು ವಾರ ರುಬ್ಬಿದ್ದು, ಅದಾದ ಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಆರರಿಂದ ಎಂಟು ವಾರ ಆಗುತ್ತದೆ. ನಿಮ್ಮ ಆಸ್ಪತ್ರೆಯ ಲೆಕ್ಕ ಒಂದು ವಾರ ಆಚೀಚೆ ಇರಬಹುದು, ಅವರದ್ದೇ ಪಾಲಿಸಿ. ಆಮೇಲೆ ಊಟ ಮಾಡುವಾಗ ನೀರಿಲ್ಲ, ಊಟ ಆಗಿ ಅರ್ಧ ಗಂಟೆ ನೀರಿಲ್ಲ. ಸಾರಿನಲ್ಲಿ ತೇಲಿಸಿ ತಿನ್ನುವ ನಮಗೆ ಇದು ದೊಡ್ಡ ಪರೀಕ್ಷೆ.

ಸಿಹಿ ವಿಷಯ. ಬೈಪಾಸ್‌ನವರಿಗೆ ಡಂಪಿಂಗ್ ಅಂತ ಒಂದು ಆಗುತ್ತದೆ, ಸಕ್ಕರೆ ನೇರ ಸಣ್ಣ ಕರುಳಿಗೆ ಬೀಳುವುದರಿಂದ. ಸ್ಲೀವ್‌ನವರಿಗೆ ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತ ಅಲ್ಲ. ಒಂದು ಗೃಹಪ್ರವೇಶದಲ್ಲಿ ಗಸಗಸೆ ಪಾಯಸ ಒಂದೇ ಒಂದು ಸೌಟು, ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಕುಡಿದೆ. ಕಾಲು ಗಂಟೆಗೆ ಬೆವರು, ಎದೆ ಡವಡವ, ಹೊಟ್ಟೆ ತೊಳೆಸಿ ಹೊಸ ಮನೆಯ ಹೊಸ ಮಂಚದ ಮೇಲೆ ಮೊದಲು ಮಲಗಿದವಳು ನಾನೇ.

ಕೂದಲು ಉದುರುತ್ತದೆ. ನಾಲ್ಕನೇ ತಿಂಗಳಲ್ಲಿ ಶುರುವಾಯಿತು. ಅರ್ಧ ಮೊಳ ಮಲ್ಲಿಗೆ ಮುಡಿದರೂ ಜಡೆ ಹಿಡಿದುಕೊಳ್ಳುತ್ತಿರಲಿಲ್ಲ, ಪಿನ್ ಜಾರಿ ಬೀಳುತ್ತಿತ್ತು. ಅಳಬೇಡಿ, ಬರುತ್ತದೆ. ನನಗೆ ಹತ್ತನೇ ತಿಂಗಳಿಗೆ ನೆತ್ತಿ ಮೇಲೆ ಮರಿ ಕೂದಲು ಎದ್ದು ನಿಂತವು. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಎಲ್ಲ ಸರಿ ಇದೆ ಅಂತ ಎರಡನೇ ವರ್ಷ ವಿಟಮಿನ್ ಮಾತ್ರೆ ನಿಲ್ಲಿಸಿದೆ. ಪಾದ ಜೋಮು ಹಿಡಿಯಲು ಶುರುವಾಯಿತು, ಚಪ್ಪಲಿ ಜಾರಿಹೋದರೂ ಗೊತ್ತಾಗುತ್ತಿರಲಿಲ್ಲ. ಬಿ12 ಪಾತಾಳಕ್ಕೆ ಇಳಿದಿತ್ತು, ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವು ತಾಳಿ ಥರ, ಬಿಚ್ಚಿಡುವ ಹಾಗಿಲ್ಲ.

ಅತ್ತೆಗೆ ನಿಜ ಹೇಳಿ. ಕಲ್ಲಿನ ಆಪರೇಷನ್ ಅಂದರೆ ನಾಲ್ಕನೇ ದಿನಕ್ಕೆ ಪಾಪ ಅಂತ ತುಪ್ಪ ಹಾಕಿ ಅನ್ನ ಕಲಸಿಕೊಂಡು ಬರುತ್ತಾರೆ. ನೀವು ಬೇಡ ಅಂತೀರಿ, ಅವರು ಮುಖ ಊದಿಸುತ್ತಾರೆ, ಸಮಾಧಾನಕ್ಕೆ ಒಂದು ತುತ್ತು ತಿನ್ನುತ್ತೀರಿ. ಆ ಒಂದು ತುತ್ತೇ ಅಪಾಯ, ಹೊಲಿಗೆ ಹಸಿ ಇರುತ್ತದೆ. ಇನ್ನೊಂದು ತಮಾಷೆ ಕೇಳಿ, ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲು ಆಗಬಹುದು, ಅದಕ್ಕೇ ಆರು ತಿಂಗಳು ಒಂದು ಮಾತ್ರೆ ಕೊಡುತ್ತಾರೆ. ಅದಕ್ಕೂ ಆಪರೇಷನ್ ಬೇಕಾಗಿ ಬಂದರೆ ಅತ್ತೆಗೆ ಏನಂತ ಹೇಳುತ್ತೀರಿ?


ನೈಟ್ ಡ್ಯೂಟಿ ಸಿಸ್ಟರ್

ಮೈಸೂರಿನಲ್ಲೇ ಸರ್ಜಿಕಲ್ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಎಲ್ಲರೂ ಊಟದ ಬಗ್ಗೆ ಬರೆದಿದ್ದೀರಿ, ನಾನು ಭಯದ ಬಗ್ಗೆ ಬರೆಯುತ್ತೇನೆ. ನೇರವಾಗಿ ಹೇಳುವುದು ನಮ್ಮ ಕಸುಬು.

ಮೇಡಂ, ನಿಮ್ಮ ಶುಗರ್ ಮಾತ್ರೆಯ ಹೆಸರು ಗ್ಲಿಫ್ಲೋಜಿನ್ ಅಂತ ಕೊನೆಯಾಗುತ್ತದಾ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಈ ಥರ. ಊಟ ಕಮ್ಮಿ ಮಾಡಿ ಇದನ್ನು ನುಂಗುತ್ತಾ ಇದ್ದರೆ ಶುಗರ್ ನಾರ್ಮಲ್ ತೋರಿಸುವಾಗಲೇ ರಕ್ತ ಹುಳಿಯಾಗುವ ತೊಂದರೆ ಬರಬಹುದು. ಆಪರೇಷನ್‌ಗೆ ಮೂರು ನಾಲ್ಕು ದಿನ ಮುಂಚೆ ಇದನ್ನು ನಿಲ್ಲಿಸುತ್ತಾರೆ, ನಿಮ್ಮ ದ್ರವಾಹಾರ ಇನ್ನೂ ಮುಂಚೆ ಶುರುವಾಗುವುದರಿಂದ ಡಾಕ್ಟರನ್ನು ಈಗಲೇ ಕೇಳಿ. ವಾರದ ಇಂಜೆಕ್ಷನ್ ಏನಾದರೂ ತಗೊಂಡಿದ್ದರೆ ಅರಿವಳಿಕೆ ಡಾಕ್ಟರ್‌ಗೆ ಮುಚ್ಚಿಡಬೇಡಿ, ಹೊಟ್ಟೆ ಖಾಲಿಯಾಗುವುದು ನಿಧಾನ ಆಗಿರುತ್ತದೆ. ಮನೆಯವರು ಬೀಡಿ ಸಿಗರೇಟು ಸೇದುತ್ತಾರಾ? ಹಾಲ್‌ನಿಂದಲೂ ಆಚೆಗೆ ಕಳಿಸಿ. ನಿದ್ದೆ ಟೆಸ್ಟ್ ಆದ ಮೇಲೆ ಮಾಸ್ಕ್ ಮಿಷನ್ ಕೊಟ್ಟಿದ್ದರೆ ಅದನ್ನು ಆಸ್ಪತ್ರೆಗೂ ತನ್ನಿ. ಸುಮಾರು ಜನ ಮನೆಯಲ್ಲೇ ಬಿಟ್ಟು ಬರುತ್ತಾರೆ.

ಡಿಸ್ಚಾರ್ಜ್ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ. ಮಂಡ್ಯಕ್ಕೆ 45 ಕಿಲೋಮೀಟರ್, ಕಾರಿನಲ್ಲಿ ಒಂದು ಗಂಟೆ. ಆದ್ದರಿಂದ ಮನೆಯಲ್ಲಿ ಇಬ್ಬರಿಗಾದರೂ ಇದು ಬಾಯಿಪಾಠ ಆಗಬೇಕು: ಸುಮ್ನೆ ಕೂತಿದ್ದಾಗಲೂ ನಾಡಿ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆ ನೋವು ಕಮ್ಮಿಯಾಗುವ ಬದಲು ಏರುತ್ತಾ ಹೋದರೆ, ಎಡಭುಜಕ್ಕೆ ನೋವು ಹೊಸದಾಗಿ ಬಂದರೆ, ಉಸಿರು ಸಿಕ್ಕಿಕೊಂಡರೆ, ಒಂದು ಕಾಲು ಮಾತ್ರ ಊದಿದರೆ. ಆಗ ಗ್ಯಾಸ್ ಅಂತ ಇಂಗು ನೀರು ಕೊಡುತ್ತಾ ಬೆಳಗಾಗಲಿ ಅಂತ ಕಾಯಬಾರದು. ಹೊಲಿಗೆ ಸೋರಿಕೆ, ಕಾಲಿನ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಹೊಟ್ಟೆಗೆ ಚುಚ್ಚುವ ರಕ್ತ ತೆಳು ಮಾಡುವ ಇಂಜೆಕ್ಷನ್ ಮನೆಗೂ ಬರೆದುಕೊಟ್ಟರೆ ಒಂದು ದಿನವೂ ತಪ್ಪಿಸಬೇಡಿ.

ವಾಂತಿ ನಿಲ್ಲದೆ ಎರಡು ಮೂರು ದಿನ ಆದರೂ ಬನ್ನಿ. ನೀರು ಕಮ್ಮಿಯಾಗುವುದು ಒಂದು ಕಡೆ, ಥಯಾಮಿನ್ ಅನ್ನುವ ಬಿ1 ವಿಟಮಿನ್ ಖಾಲಿಯಾಗಿ ಕಣ್ಣು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು ಬರಬಹುದು. ಅದು ಮಿದುಳಿನ ವಿಷಯ, ತಡ ಮಾಡಿದರೆ ಪೂರ್ತಿ ವಾಪಸ್ ಬರುವುದಿಲ್ಲ. ಇನ್ನು ಮಂಡಿ ನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡೈಕ್ಲೋಫಿನಾಕ್, ಬ್ರೂಫೆನ್ ಇವತ್ತಿಂದ ಮರೆತುಬಿಡಿ, ಹುಣ್ಣಾಗುತ್ತದೆ.

ಶಾಲೆಗೆ ಮೂರು ನಾಲ್ಕು ವಾರ ಬಿಟ್ಟು ಹೋಗಿ. ಎರಡೇ ವಾರಕ್ಕೆ ಕೆಲಸಕ್ಕೆ ಹೋದವರಿದ್ದಾರೆ, ಆದರೆ ಅವರು ಕೂತು ಮಾಡುವ ಕೆಲಸದವರು. ಕೊಡ ಎತ್ತುವುದು, ಗ್ರೈಂಡರ್ ಕಲ್ಲು ಎತ್ತುವುದು ಆರು ವಾರ ಬೇಡ.


ಬೆಲ್ಲದ ಊರು

ನಾನೂ ಮಂಡ್ಯದವನೇ. ಇಲ್ಲಿ ಎಲ್ಲರೂ ಗೆದ್ದ ಕಥೆ ಹೇಳುತ್ತಿದ್ದಾರೆ, ಸೋತವನದ್ದೂ ಒಂದು ಇರಲಿ. ಸ್ಲೀವ್ ಆಗಿ ಆರು ವರ್ಷ. 41 ಕೆಜಿ ಇಳಿದೆ, 17 ಕೆಜಿ ಮತ್ತೆ ಏರಿದೆ. ಹೇಗೆ ಏರಿತು ಅಂದರೆ ಯಾವತ್ತೂ ಹೊಟ್ಟೆ ತುಂಬ ತಿನ್ನಲಿಲ್ಲ. ತಿನ್ನೋಕೆ ಆಗುತ್ತಲೇ ಇರಲಿಲ್ಲ. ಎರಡು ತುತ್ತು ಕೋಳಿ ತಿಂದರೆ ಸಾಕು ಅನಿಸುತ್ತದೆ, ಆದರೆ ಕಡಲೆಪುರಿ, ಕೋಡುಬಳೆ, ಬಿಸ್ಕತ್ತು ಅದ್ದಿದ ಟೀ, ಇವು ಜಾರಿಕೊಂಡು ಹೋಗುತ್ತವೆ, ಹೊಟ್ಟೆ ತಡೆಯುವುದೇ ಇಲ್ಲ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಹಿಂದೆ ಕೂತಿರುವವನು ನಾನು, ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದು ಹಿಡಿ. ಬೇಸಿಗೆಯಲ್ಲಿ ಕಬ್ಬಿನ ಹಾಲು. ಒಂದು ವರ್ಷ ಆದ ಮೇಲೆ ಚೆಕಪ್‌ಗೂ ಹೋಗಲಿಲ್ಲ. ಈಗ ಮತ್ತೆ ಶುರು ಮಾಡಿದ್ದೇನೆ, ನಾಲ್ಕು ಕೆಜಿ ಇಳಿದಿದೆ.

ಇನ್ಶೂರೆನ್ಸ್ ಬಗ್ಗೆ ಯಾರೂ ಬರೆಯಲಿಲ್ಲ. ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಒಪ್ಪಿದ ಷರತ್ತು ಇರುವುದು ಹೀಗೆ: ಬಿಎಂಐ 40 ಅಥವಾ ಮೇಲಿರಬೇಕು, ಇಲ್ಲವೇ 35 ಅಥವಾ ಮೇಲಿದ್ದು ಜೊತೆಗೆ ಹಿಡಿತಕ್ಕೆ ಸಿಗದ ಶುಗರ್, ಹೃದಯದ ಕಾಯಿಲೆ, ತೀವ್ರವಾಗಿ ನಿದ್ದೆಯಲ್ಲಿ ಉಸಿರು ನಿಲ್ಲುವುದು, ಇಂಥದ್ದು ಇರಬೇಕು. ಬೇರೆ ದಾರಿಯಲ್ಲಿ ಇಳಿಸೋಕೆ ನೋಡಿ ಆಗಲಿಲ್ಲ ಅನ್ನುವುದಕ್ಕೂ ಕಾಗದ ಬೇಕು. 2022ರಲ್ಲಿ ಸರ್ಜನ್‌ಗಳ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂದಿವೆ, ಆದರೆ ಇನ್ಶೂರೆನ್ಸ್‌ನವರು ಆ ಮಾತು ಕೇಳುವುದಿಲ್ಲ. ನಿಮ್ಮದು 46 ಇರುವುದರಿಂದ ಆ ಚಿಂತೆ ಇಲ್ಲ. ನನ್ನ ಕ್ಲೇಮ್ ಮೊದಲ ಸಲ ವಾಪಸ್ ಬಂತು, ಯಾಕೆಂದರೆ ಆಸ್ಪತ್ರೆಯವರು ಕಾಗದದಲ್ಲಿ ತೂಕ ಇಳಿಸಲು ಅಂತ ಒಂದೇ ಸಾಲು ಬರೆದಿದ್ದರು, ಬಿಎಂಐ ಇಲ್ಲ, ಶುಗರ್ ಇಲ್ಲ, ಏನೂ ಇಲ್ಲ. ಎರಡು ತಿಂಗಳು ಬಸ್ಸಿನಲ್ಲಿ ಓಡಾಡಿದೆ. ನಿಮ್ಮ ನಿದ್ದೆ ಟೆಸ್ಟ್ ರಿಪೋರ್ಟ್, ಶುಗರ್ ರಿಪೋರ್ಟ್ ಎಲ್ಲ ಮುಂಚೆಯೇ ಕಳಿಸಿ, ಒಪ್ಪಿಗೆ ಕೈಗೆ ಬಂದ ಮೇಲೆ ಅಡ್ಮಿಟ್ ಆಗಿ.


ಮಂಡ್ಯ ಮಿಸ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಸಿಸ್ಟರ್, ನೀವು ಹೇಳಿದ ಗ್ಲಿಫ್ಲೋಜಿನ್ ನನ್ನ ಡಬ್ಬಿಯಲ್ಲೇ ಇತ್ತು! ಫೋನ್ ಮಾಡಿದೆ, ಡಯಟ್ ಶುರುವಾಗುವ ದಿನದಿಂದಲೇ ನಿಲ್ಲಿಸಿ ಅಂದರು. ಎಂಡೋಸ್ಕೋಪಿ ಆಗಿದೆ ಅಕ್ಕ, ಹುಳಿ ತೊಂದರೆ ಇಲ್ಲ, ಸ್ಲೀವ್ ಸಾಕಂತೆ. ಅತ್ತೆಗೆ ಇನ್ನೂ ಹೇಳಿಲ್ಲ. ಧೈರ್ಯ ಬರುತ್ತಿಲ್ಲ.


ಮಂಡ್ಯ ಮಿಸ್

ಆಪರೇಷನ್ ಆಗಿ ಇವತ್ತಿಗೆ ಐದು ವಾರ. ಆಪರೇಷನ್ ದಿನ 110 ಇತ್ತು, ಈಗ 101. ಶುಗರ್‌ಗೆ ಒಂದೇ ಮಾತ್ರೆ ಉಳಿದಿದೆ, ಬಿಪಿ ಮಾತ್ರೆ ಅರ್ಧ ಆಯಿತು. ಭುಜದ ನೋವು ಸರಸ್ವತಿಪುರಂ ಸರ್ ಹೇಳಿದ ಹಾಗೇ ಇತ್ತು, ಮೊದಲೇ ಗೊತ್ತಿದ್ದರಿಂದ ಹೆದರಲಿಲ್ಲ. ಎರಡನೇ ವಾರದಲ್ಲಿ ಒಂದು ಸಂಜೆ ಯಾಕೋ ತುಂಬ ಅತ್ತುಬಿಟ್ಟೆ, ಕಾರಣ ಏನೂ ಇಲ್ಲ. ಸೊಪ್ಪಿನ ಗಾಡಿಯವನು ಕೂಗಿಕೊಂಡು ಹೋದ, ಅಳು ಬಂತು.

ಅತ್ತೆಗೆ ಹೇಳಬೇಕಾಗಿ ಬಂದದ್ದು ದ್ರವಾಹಾರದ ಮೂರನೇ ದಿನ. ತಲೆ ಸುತ್ತಿ ಒಲೆ ಮುಂದೆ ಕೂತುಬಿಟ್ಟೆ, ಮುದ್ದೆ ಕೋಲು ಕೈಯಲ್ಲೇ ಇತ್ತು. ಎಲ್ಲ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕೋಲು ಕಿತ್ತುಕೊಂಡು, "ಅಷ್ಟು ದೂರ ಹೋಗಿ ಹೊಟ್ಟೆ ಕುಯ್ಸಿಕೊಳ್ಳೋಕೆ ಧೈರ್ಯ ಇದೆ, ನನ್ನ ಹತ್ರ ಹೇಳೋಕೆ ಇಲ್ವಾ" ಅಂದರು. ಅವತ್ತಿಂದ ಮುದ್ದೆ ಅವರದ್ದೇ. ಬೀದಿಗೆಲ್ಲ ಹೇಳಿದ್ದಾರೆ, ಅದು ಬೇರೆ ಮಾತು.

ಈಗ ಅವರದ್ದೇ ಕಾವಲು. ನಿನ್ನೆ ರುಬ್ಬಿದ ಹೆಸರುಕಾಳು ನಾಲ್ಕು ಚಮಚ ತಿಂದು ಲೋಟಕ್ಕೆ ಕೈ ಹಾಕಿದೆ. ಗೋಡೆ ಗಡಿಯಾರ ನೋಡಿ, ಇನ್ನೂ ಎಂಟು ನಿಮಿಷ ಇದೆ ಅಂತ ಲೋಟ ಎತ್ತಿ ಅಟ್ಟದ ಮೇಲೆ ಇಟ್ಟರು.

ಮುಂದಿನ ತಿಂಗಳು ಬೀಗರ ಊಟ. ಮನೆಯ ಹಿರಿ ಸೊಸೆ ಊಟಕ್ಕೆ ಕೂರದಿದ್ದರೆ ಬೀಗರು ಏನಂದುಕೊಳ್ಳುತ್ತಾರೆ? ಕೂತರೆ ಎಲೆ ಮೇಲೆ ಬೀಳುವುದನ್ನು ಏನು ಮಾಡಲಿ?


ಕುವೆಂಪುನಗರ ಬೈಪಾಸ್ ಅಕ್ಕ

ಕೂರಬೇಡ ತಂಗಿ. ಮನೆಯಲ್ಲೇ ಮೊದಲು ಮೆತ್ತಗಿನದು ಏನಾದರೂ ತಿಂದುಕೊಂಡು ಹೋಗು. ಅಲ್ಲಿ ಸೆರಗು ಸಿಕ್ಕಿಸಿ ಬಡಿಸಲು ನಿಂತುಬಿಡು, ಭಾರದ ಬಕೆಟ್ ಬೇಡ, ಉಪ್ಪು ಉಪ್ಪಿನಕಾಯಿ ತಟ್ಟೆ ಸಾಕು. ಬಡಿಸುವವರನ್ನು ನಿಮ್ಮದು ಊಟ ಆಯಿತಾ ಅಂತ ಕೇಳುವುದು ಕೊನೇ ಪಂಕ್ತಿಯಲ್ಲಿ. ಅಷ್ಟು ಹೊತ್ತಿಗೆ ಮನೆಗೆ ಹೊರಡು.